ಗುಂಡಿ ಡಬ್ಬಿಯ ಮಾತ್ರೆಗಳು

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ನಾನು ಅಜ್ಜಿಯ ಮಾತ್ರೆ ಬಿಡಿಸುತ್ತಿದ್ದೆ. ಬಟಾಣಿ ಸುಲಿದ ಹಾಗೆಯೇ ಅದು. ಹೆಬ್ಬೆರಳಿನಿಂದ ಒತ್ತಿದರೆ ಹಿಂದಿನ ತಗಡು ಹಾಳೆ ಚಟ್ಟೆಂದು ಹರಿದು ಮಾತ್ರೆ ಬೀಳುತ್ತದೆ. ಬಿದ್ದವನ್ನು ಬಣ್ಣ ನೋಡಿ ಡಬ್ಬಿಯ ಖಾನೆಗಳಿಗೆ ಹಾಕುತ್ತಿದ್ದೆ. ಅಮ್ಮ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಗುಂಡಿ, ಹುಕ್ಕು, ಸೂಜಿ ಇಡಲು ತಂದಿದ್ದ ಆರು ಖಾನೆಯ ಡಬ್ಬಿಯನ್ನು ಅಕ್ಕ ಕೇಳಿ ತೆಗೆದುಕೊಂಡು ಅಜ್ಜಿಯ ಮಾತ್ರೆಗೆ ಮಾಡಿಕೊಟ್ಟಿದ್ದಳು. ಎಷ್ಟು ತೊಳೆದರೂ ಒಂದು ಮೂಲೆಯಲ್ಲಿ ನೀಲಿ ದಾರದ ಎಳೆ ಹಾಗೇ ಅಂಟಿಕೊಂಡಿತ್ತು.

ಅಮ್ಮ ಪಕ್ಕದಲ್ಲಿ ಕೂತು ಕಾಲರ್ ತಿರುವುತ್ತಿದ್ದಳು. ಅಪ್ಪ ಬಾಗಿಲ ಹತ್ತಿರ ತಮ್ಮ ಕಂಡಕ್ಟರ್ ಚೀಲದ ಪಟ್ಟಿ ಒರೆಸುತ್ತಿದ್ದರು. ಹಿಂದಿನ ಸಂಜೆ ಅಜ್ಜಿಯನ್ನು ದೊಡ್ಡಾಸ್ಪತ್ರೆಯಿಂದ ಕರೆತಂದಾಗಿನಿಂದ ಮನೆಯೆಲ್ಲ ಸಿಟ್ಟಿನಲ್ಲಿತ್ತು. ಕಾಲು ಊದಿಕೊಂಡು, ಮಲಗಿದರೆ ಉಸಿರು ಸಿಕ್ಕಿಕೊಂಡು ಅವಳು ನಾಲ್ಕು ದಿನ ಅಲ್ಲಿದ್ದಳು. ಬಸ್ಸು ಬಿಟ್ಟು ಕಾಯಬೇಕಾಯಿತಲ್ಲ ಎಂದು ಅಪ್ಪನಿಗೆ ಸಿಟ್ಟು. ಸಮವಸ್ತ್ರದ ಗಂಟು ಹಾಗೇ ಉಳಿಯಿತಲ್ಲ ಎಂದು ಅಮ್ಮನಿಗೆ ಸಿಟ್ಟು. ಎಲ್ಲರ ಸಿಟ್ಟಿಗೂ ತಾನೇ ಕಾರಣವಾದೆನಲ್ಲ ಎಂದು ಅಜ್ಜಿಗೆ ಸಿಟ್ಟು.

ಡಬ್ಬಿಯಲ್ಲಿ ಮೊದಲಿನಿಂದ ಎರಡು ಬಗೆ ಇದ್ದವು: ನಮ್ಮ ಬೀದಿಯ ಡಾಕ್ಟರು ವರ್ಷದಿಂದ ಬರೆದುಕೊಡುತ್ತಿದ್ದ ಸಣ್ಣ ಬಿಳಿಯ ಹೃದಯದ ಮಾತ್ರೆ, ಮತ್ತೆ ಗುಲಾಬಿ ಬಣ್ಣದ ಬಿಪಿ ಮಾತ್ರೆ. ದೊಡ್ಡಾಸ್ಪತ್ರೆಯ ಚೀಟಿಗೆ ಅಂಗಡಿಯವನು ಹೊಸದಾಗಿ ಮೂರು ಬಗೆ ಕೊಟ್ಟಿದ್ದ. ಒಂದು ಅದೇ ಗುಲಾಬಿ. ಒಂದು ಮೈಯ ನೀರು ಇಳಿಸುವ ಮಾತ್ರೆ. ಇನ್ನೊಂದು ತಿಳಿನೀಲಿ ಬಣ್ಣದ್ದು, ಇದೂ ಹೃದಯಕ್ಕೇ ಅಂತ ಅಂಗಡಿಯವನು ಹೇಳಿದ್ದನಂತೆ. ಇಡೀ ಹಾಳೆ ಬೇಡ, ಇಪ್ಪತ್ತು ಇಪ್ಪತ್ತು ಸಾಕು ಎಂದಿದ್ದಕ್ಕೆ ಕತ್ತರಿಯಲ್ಲಿ ಕತ್ತರಿಸಿಕೊಟ್ಟಿದ್ದ. ತಿಳಿನೀಲಿಯ ತುಂಡಿನ ಮೇಲೆ ಹೆಸರಿನ ಬಾಲ ಮಾತ್ರ ಉಳಿದಿತ್ತು.

ನಾನು ಕೈ ನಿಲ್ಲಿಸಿ, "ಅಮ್ಮ, ಈ ನೀಲಿದು ಹೊಸದಾಗಿ ಸೇರಿರೋದಾ, ಬಿಳಿದರ ಬದಲಿಗೆ ಬಂದಿರೋದಾ?" ಅಂದೆ.

ಅಮ್ಮ ಅಪ್ಪನ ಕಡೆ ನೋಡಿದಳು. "ಹಳೇದು ನಿಲ್ಲಿಸಿ ಅಂದ್ರೇನ್ರೀ ಡಾಕ್ಟ್ರು?"

"ಅವರೆಲ್ಲಿ ಮಾತಾಡ್ತಾರೆ? ಚೀಟಿ ಕೈಗಿಟ್ರು, ಮುಂದಿನವರನ್ನ ಕರೆದ್ರು."

"ಹಂಗಾದ್ರೆ ಎರಡೂ ಹಾಕು. ಬೇಡ ಅನ್ನೋ ಹಂಗಿದ್ರೆ ಬಾಯಿಬಿಟ್ಟು ಹೇಳ್ತಿದ್ರು," ಎಂದು ಅಮ್ಮ ಕಾಲರ್‌ನ ಮೂಲೆಯನ್ನು ಕತ್ತರಿಯ ತುದಿಯಿಂದ ಚುಚ್ಚಿ ಹೊರಕ್ಕೆ ತಂದಳು.

ನಾನು ತಿಳಿನೀಲಿಗೆ ಮೂರನೆಯ ಖಾನೆ ಕೊಟ್ಟೆ. ಖಾಲಿಯಾದ ತಗಡು ಹಾಳೆಗಳನ್ನು ಪತ್ರಿಕೆಯ ಸಮೇತ ಮುದುರಿ ಕಸಕ್ಕೆ ಹಾಕಿದೆ.

ಆದರೂ ಸಮಾಧಾನವಾಗದೆ ಸಂಜೆ ಅಕ್ಕ ಬಂದ ಮೇಲೆ ಅವಳನ್ನೂ ಕೇಳಿದೆ. ಅಕ್ಕ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಔಷಧ ವಿಷಯದಲ್ಲಿ ಇಡೀ ತರಗತಿಗೇ ಅವಳದು ಹೆಚ್ಚು ಅಂಕ. ಅವಳು ಚಹಾ ಕುಡಿಯುತ್ತಲೇ ಚೀಟಿ ನೋಡಿದಳು, ಬೀದಿಯ ಡಾಕ್ಟರ ಹಳೆಯ ಚೀಟಿಯನ್ನೂ ತರಿಸಿಕೊಂಡಳು, ಎರಡರಲ್ಲೂ ಇದ್ದ ಹೆಸರುಗಳನ್ನು ತನ್ನ ರೆಕಾರ್ಡ್ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದಳು. ನಾಲ್ಕು ಹೆಸರಾದವು. ಅವಳ ಮುಖ ಅರಳಿತು. ಮನೆಯಲ್ಲಿರುವ ಒಬ್ಬ ರೋಗಿಯನ್ನು ಮೂರು ವಾರ ನೋಡಿಕೊಂಡು, ದಿನವೂ ನಾಡಿ ಎಣಿಸಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಬರೆದು ಸಹಿ ಹಾಕಿ ತೋರಿಸಬೇಕು ಎಂದು ಕಾಲೇಜಿನ ಮೇಡಂ ಹೇಳಿದ್ದರು. ಮಾತ್ರೆ ಹೆಚ್ಚಿದ್ದಷ್ಟೂ ರೆಕಾರ್ಡ್ ತೂಕದ್ದಾಗಿ ಕಾಣುತ್ತದಂತೆ.

"ದೊಡ್ಡಾಸ್ಪತ್ರೆಯವರು ಬರೆದಿದ್ದಾರೆ ಅಂದ್ಮೇಲೆ ಕೊಡೇ," ಅಂದಳು. "ಅವರಿಗಿಂತ ನಿನಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಜ್ಜಿ ಮೊದಲ ಸಲ ಬಿದ್ದಾಗ, ಮನೆಯಲ್ಲಿ ಒಬ್ಬರು ಇರಬೇಕು ಎಂದಾಯಿತು. ನಾನು ಎಂಟನೇ ತರಗತಿಯಲ್ಲಿದ್ದೆ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಪ್ರಶ್ನೆ ಕೇಳಿದರೆ ಗೊತ್ತಿದ್ದರೂ ಏಳುತ್ತಿರಲಿಲ್ಲ. ಒಬ್ಬಳಾದರೂ ಓದಲಿ ಎಂದರು. ಆ ಒಬ್ಬಳು ಯಾರು ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷ್ ಅಕ್ಷರಗಳು ನನಗೆ ಬಿಡಿಬಿಡಿಯಾಗಿ ಪರಿಚಯ. ಎದುರುಮನೆಯವರು ಒಬ್ಬೊಬ್ಬರೇ ಸಿಕ್ಕರೆ ಗುರುತು ಹಿಡಿಯುತ್ತೇವೆ, ಜಾತ್ರೆಯಂತೆ ಗುಂಪಾಗಿ ನಿಂತರೆ ಯಾರು ಯಾರೋ ತಿಳಿಯುವುದಿಲ್ಲ, ಹಾಗೆ.

ಮೊದಲ ವಾರ ಚೆನ್ನಾಗಿಯೇ ಇತ್ತು. ಅಕ್ಕನಿಗೆ ಬೆಳಿಗ್ಗೆ ಆರಕ್ಕೇ ವಾರ್ಡಿನ ಡ್ಯೂಟಿ. ಅಜ್ಜಿ ಏಳುವುದು ಏಳಕ್ಕೆ, ಮಾತ್ರೆ ಎಂಟಕ್ಕೆ. ಹಾಗಾಗಿ ರೆಕಾರ್ಡ್ ಅಕ್ಕನದು, ಕೆಲಸ ನನ್ನದು ಎಂದು ತೀರ್ಮಾನವಾಯಿತು. ನಮ್ಮ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಎಂದೋ ಕಳಚಿ ಗಾಜಿನ ತಳಕ್ಕೆ ಬಿದ್ದಿತ್ತು. ಮನೆಗಿದ್ದ ಒಂದೇ ಮೊಬೈಲು ಅಪ್ಪನ ಜೊತೆ ಬಸ್ಸಿಗೆ ಹೋಗುತ್ತಿತ್ತು. ಅಕ್ಕ ತನ್ನ ಹಳೆಯ, ಪಟ್ಟಿ ಹರಿದ ಕೈಗಡಿಯಾರವನ್ನು ನನಗೆ ಕೊಟ್ಟಳು. ಎರಡು ಬೆರಳನ್ನು ಅಜ್ಜಿಯ ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಸಾಲಿಗೆ ಇಟ್ಟು ನಾಡಿ ಎಲ್ಲಿ ಸಿಗುತ್ತದೆಂದು ತೋರಿಸಿದಳು.

"ಹೆಬ್ಬೆರಳಲ್ಲಿ ನೋಡ್ಬೇಡ, ಅದಕ್ಕೆ ಅದರದೇ ಮಿಡಿತ ಇರುತ್ತೆ. ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ಎಣಿಸಿ ಎರಡರಿಂದ ಗುಣಿಸೋ ಕಳ್ಳಾಟ ಬೇಡ. ಅರವತ್ತಕ್ಕಿಂತ ಕಡಿಮೆ ಇದ್ರೆ ಹೃದಯದ ಮಾತ್ರೆ ಕೊಡ್ಬೇಡ, ನನಗೆ ಹೇಳು."

ನಾನು ಎಣಿಸಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಸಂಜೆ ಅಕ್ಕ ಅದನ್ನು ನೋಡಿ ರೆಕಾರ್ಡಿಗೆ ಇಳಿಸಿ ಸಹಿ ಹಾಕುತ್ತಿದ್ದಳು. ಎಪ್ಪತ್ತನಾಲ್ಕು. ಎಪ್ಪತ್ತೆರಡು. ಎಪ್ಪತ್ತೆರಡು. ಅಜ್ಜಿ ಕೈ ಚಾಚಿ, ಉಸಿರು ಬಿಗಿಹಿಡಿದು, ನಾನು ತುಟಿ ಅಲ್ಲಾಡಿಸುವುದನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ಗೂಬೆ ಎಂದು ಕರೆಯುತ್ತಾಳೆ. ಮಾತಾಡದೆ ಕಣ್ಣು ಬಿಟ್ಟುಕೊಂಡು ಕೂರುತ್ತೇನೆ ಎಂದು.

"ಏನೇ ಗೂಬೆ, ಇದ್ದೀನಾ?"

"ಇದ್ದೀಯ ಅಜ್ಜಿ. ಎಪ್ಪತ್ತೆರಡು."

"ವಯಸ್ಸಿಗಿಂತ ಆರು ಕಮ್ಮಿ. ಪರವಾಗಿಲ್ಲ, ಇನ್ನೂ ಪ್ರಾಯ ಇದೆ."

ಸಂಜೆ ಹೊತ್ತು ಅಕ್ಕ ಪಾಠ ಒಪ್ಪಿಸುವಾಗ ಕೇಳಿಸಿಕೊಳ್ಳುವುದೂ ನನ್ನದೇ ಕೆಲಸ. ನಾನು ಸೊಪ್ಪು ಬಿಡಿಸುತ್ತಲೋ ಪಾತ್ರೆ ಒರೆಸುತ್ತಲೋ ಇರುತ್ತಿದ್ದೆ, ಅವಳು ಕೋಣೆಯ ಉದ್ದಕ್ಕೂ ಓಡಾಡುತ್ತ ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು ಸಲ, ಮರೆಯಬಾರದೆಂದು ನಮ್ಮ ಮಾತಿನಲ್ಲಿ ಒಂದು ಸಲ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಬಾಯಿಗೋ ಸೂಜಿಗೋ ಸರಿಯಾದ ದಾರಿ, ಸರಿಯಾದ ಹೊತ್ತು. ಐದು ಸರಿ ಇದ್ದರೆ ಮಾತ್ರ ಕೈ ಮುಂದೆ ಹೋಗಬೇಕು.

"ಆರನೇದು ಬಿಟ್ಯಲ್ಲೇ, ಸರಿಯಾದ ಸೊಸೆ," ಎಂದು ಅಜ್ಜಿ ಮಂಚದಿಂದ ಸೇರಿಸುತ್ತಿದ್ದಳು.

"ಇದ್ದಾಳಲ್ಲ, ಉಪಯೋಗಿಸಿ," ಎಂದು ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಹೇಳುತ್ತಿದ್ದಳು. ಆ ದಿನಗಳಲ್ಲಿ ಮನೆಯಲ್ಲಿ ನಗು ಬಂದದ್ದು ಆಗ ಮಾತ್ರ.

ಒಂದು ಸಂಜೆ ಅಕ್ಕ ಊಟ ಮಾಡದೆ ಕೂತಿದ್ದಳು. ಅವಳ ಕಾಲೇಜಿನ ಮೇಲಿನ ತರಗತಿಯ ಹುಡುಗಿಯೊಬ್ಬಳು ತಾನು ಕೊಡದ ಇಂಜೆಕ್ಷನ್ನಿಗೆ ತಾನೇ ಕೊಟ್ಟೆನೆಂದು ಸಹಿ ಹಾಕಿ ಸಿಕ್ಕಿಬಿದ್ದಿದ್ದಳು. ಅದೇ ದಿನ ಟ್ರಂಕು ಕಟ್ಟಿಸಿ ಮನೆಗೆ ಕಳಿಸಿದರಂತೆ. ಕೊಟ್ಟವರೇ ಬರೆಯಬೇಕು, ಬರೆದವರೇ ಕೊಟ್ಟಿರಬೇಕು, ಅದು ಅಲ್ಲಿನ ನಿಯಮ. ಅಮ್ಮ ಯಂತ್ರ ನಿಲ್ಲಿಸಿ ನನ್ನನ್ನೂ ಅಕ್ಕನನ್ನೂ ನೋಡಿದಳು. ನಾವಿಬ್ಬರೂ ಕ್ಯಾಲೆಂಡರ್ ನೋಡಲಿಲ್ಲ.

ಎರಡನೇ ವಾರ ಅಜ್ಜಿಗೆ ಊಟ ಸೇರದಾಯಿತು. ಮೊದಲು ಅರ್ಧ ಬಿಟ್ಟಳು, ಆಮೇಲೆ ತಟ್ಟೆ ನೋಡಿದರೆ ಹೊಟ್ಟೆ ತೊಳಸುತ್ತದೆ ಎಂದಳು. ಅಮ್ಮ ಗಂಜಿ ಮಾಡಿದಳು, ಅದೂ ಬೇಡವಾಯಿತು. ಸೊಪ್ಪು ಬೇಯಿಸಿದಳು, ಅದೂ ಬೇಡ. ಮೂರನೆಯ ದಿನ ಅಮ್ಮ ತಟ್ಟೆಯನ್ನು ಕೊಂಚ ಜೋರಾಗಿಯೇ ಕೆಳಗಿಟ್ಟಳು.

"ಇಪ್ಪತ್ತೆರಡು ವರ್ಷ ನನ್ನ ಕೈ ಅಡುಗೆ ತಿಂದು, ಈಗ ವಾಕರಿಕೆ ಬರುತ್ತಾ ಅತ್ತೆ?"

"ನಿನ್ನ ಅಡುಗೆ ಅಂತ ಅಲ್ಲ ಕಣಮ್ಮ. ನೀರು ಕುಡಿದ್ರೂ ಹಂಗೇ ಆಗುತ್ತೆ."

"ನೀರೂ ನಾನೇ ಕಾಯ್ಸಿದ್ದು, ಅದಕ್ಕೇ ಇರ್ಬೇಕು."

ಅಪ್ಪ ನಡುವೆ ಬಾಯಿ ಹಾಕಿ, ಗಂಡಸು ಹತ್ತು ಗಂಟೆ ಬಸ್ಸಿನಲ್ಲಿ ನಿಂತು ಬಂದರೆ ಮನೆಯಲ್ಲಿ ಒಂದು ತುತ್ತು ನೆಮ್ಮದಿಯಾಗಿ ತಿನ್ನುವ ಹಾಗಿಲ್ಲ ಎಂದು ಎದ್ದರು. ಅವರು ಬಿಟ್ಟ ತಟ್ಟೆ, ಅಜ್ಜಿ ಬಿಟ್ಟ ತಟ್ಟೆ, ಎರಡನ್ನೂ ನಾನು ತೊಳೆದೆ. ಆ ವಾರದ ಕೊನೆಗೆ ಕ್ಯಾಲೆಂಡರಿನ ಚೌಕದಲ್ಲಿ ಅರವತ್ತೆರಡು ಇತ್ತು.

ಮರುದಿನ ಅಕ್ಕ ಪರೀಕ್ಷೆಗೆ ಓದುತ್ತಿದ್ದಳು. ಡಿಗಾಕ್ಸಿನ್ ಎಂಬ ಹೃದಯದ ಔಷಧದ ಪಾಠ. ನಾನು ಪುಸ್ತಕ ಹಿಡಿದಿದ್ದೆ. ಆ ಒಂದು ಹೆಸರು ಪುಟದ ಮೇಲೆ ಅಷ್ಟು ದಪ್ಪಗೆ, ಅಷ್ಟು ಸಲ ಇತ್ತು, ನನಗೂ ಗುರುತು ಸಿಕ್ಕಿಬಿಟ್ಟಿತ್ತು. ಅವಳು ಕಣ್ಣುಮುಚ್ಚಿ ಒಪ್ಪಿಸಿದಳು: ಮೈಯಲ್ಲಿ ಹೆಚ್ಚಾದರೆ ಊಟ ಬೇಡವಾಗುತ್ತದೆ, ವಾಕರಿಕೆ ಬರುತ್ತದೆ, ಕಣ್ಣಿಗೆ ಎಲ್ಲವೂ ಹಳದಿ ಕಾಣಬಹುದು, ವಯಸ್ಸಾದವರಿಗೆ ಮನಸ್ಸು ಗಲಿಬಿಲಿಯಾಗುತ್ತದೆ, ನಾಡಿ ಇಳಿಯುತ್ತದೆ.

"ಅಕ್ಕ, ಅಜ್ಜಿಗೆ ಊಟ ಬೇಡವಾಗಿದೆಯಲ್ಲ," ಅಂದೆ.

ಅವಳು ಕಣ್ಣುಬಿಟ್ಟು ನಕ್ಕಳು. ಮೊದಲ ವರ್ಷ ಅವರಿಗೆಲ್ಲ ಹೀಗೇ ಆಗಿತ್ತಂತೆ. ಮೂತ್ರಪಿಂಡದ ಪಾಠವಾದ ದಿನ ಇಡೀ ತರಗತಿಗೆ ಸೊಂಟನೋವು. "ಪುಸ್ತಕ ಹಿಡ್ಕೊಂಡ್ರೆ ಸಾಕು, ಒಳಗಿರೋ ರೋಗ ಎಲ್ಲ ಮನೆಗೆ ಕರೀಬೇಡ. ಅಜ್ಜಿ ಡಿಗಾಕ್ಸಿನ್ ಒಂದೇ ತಗೊಳ್ಳೋದು, ಅದೂ ಸಣ್ಣ ಡೋಸು, ಆ ಬಿಳಿದು. ವರ್ಷದಿಂದ ಏನೂ ಆಗಿಲ್ಲ."

"ನೀಲಿದು?"

"ಅದರ ಹೆಸರೇ ಬೇರೆ ಅಲ್ವೇನೇ."

ಮೂರನೇ ವಾರದ ಸೋಮವಾರ ನಾನು ಎಣಿಸಿದಾಗ ಐವತ್ತೆಂಟು ಬಂತು. ಇನ್ನೊಂದು ಸಲ ಎಣಿಸಿದೆ. ಐವತ್ತೆಂಟೇ. ಬಿಳಿ, ನೀಲಿ ಎರಡನ್ನೂ ಡಬ್ಬಿಯಲ್ಲೇ ಬಿಟ್ಟು ಉಳಿದವನ್ನು ಕೊಟ್ಟೆ. ಅಮ್ಮ ನೋಡಿದಳು. ನಾನು ಕಾರಣ ಹೇಳಿದೆ.

"ಡಾಕ್ಟ್ರು ದಿನಾ ಕೊಡಿ ಅಂದಿದ್ದಾರೆ. ನಿನ್ನೆ ಮೊನ್ನೆ ಎಣಿಸೋದು ಕಲಿತವಳು ಬೇಡ ಅಂತೀಯ? ಮತ್ತೆ ಕಾಲು ಊದಿದ್ರೆ ನಿಮ್ಮಪ್ಪಂಗೆ ಯಾರು ಹೇಳೋದು, ನೀನಾ?" ಎಂದು ತಾನೇ ಡಬ್ಬಿ ತೆರೆದು ಎರಡನ್ನೂ ಅಜ್ಜಿಯ ಅಂಗೈಗೆ ಹಾಕಿದಳು. ಅಜ್ಜಿ ನನ್ನ ಮುಖ ನೋಡುತ್ತಲೇ ನುಂಗಿದಳು.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ಆಗಷ್ಟೇ ಬಂದು, ಬೂಟು ಬಿಚ್ಚಿ, ಕಾಲನ್ನು ನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಇಬ್ಬರೇ ಇದ್ದರಂತೆ. ನಾನೇ ತಪ್ಪು ಎಣಿಸಿರಬೇಕು, ನಡುವೆ ಬೆರಳು ಜಾರಿರಬೇಕು ಎಂದಳು. ಬಾ, ನೀನೇ ಒಮ್ಮೆ ನೋಡು ಎಂದೆ. ಬಂದಳು. ಒದ್ದೆ ಕಾಲಿನಲ್ಲೇ ಬಂದು ಅಜ್ಜಿಯ ಕೈ ಹಿಡಿದಳು. ಅಷ್ಟರಲ್ಲಿ ಅಜ್ಜಿ ಬಚ್ಚಲಿಗೆ ಹೋಗಿ ವಾಂತಿ ಮಾಡಿ ಏದುಸಿರು ಬಿಡುತ್ತಿದ್ದಳು. ಅಕ್ಕ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದಳು.

"ಅರವತ್ತೆಂಟು. ನೋಡಿದ್ಯಾ?"

ರೆಕಾರ್ಡಿನಲ್ಲಿ ಅದನ್ನೇ ಬರೆದಳು. ಮಂಗಳವಾರ ನನ್ನ ಚೌಕದಲ್ಲಿ ಐವತ್ತಾರು, ಅವಳ ಪುಟದಲ್ಲಿ ಎಪ್ಪತ್ತು. ಆಮೇಲೆ ಅವಳು ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟಳು. ಏರಿಳಿತ ಇದ್ದರೆ ಮೇಡಂ ನೂರು ಪ್ರಶ್ನೆ ಕೇಳುತ್ತಾರೆ, ನೀನೇ ಎಣಿಸಿದೆಯಾ ಎಂದೂ ಕೇಳುತ್ತಾರೆ ಎಂದಳು. ಆ ಹೆದರಿಕೆ ನನಗೂ ಇತ್ತು. ಆ ಹುಡುಗಿಯ ಟ್ರಂಕಿನಂಥದೇ ಒಂದನ್ನು ನಮ್ಮ ಬಾಗಿಲಿಗೆ ಯಾರೋ ತಂದಿಟ್ಟ ಹಾಗೆ ಒಂದು ದಿನ ಕನಸೂ ಬಿದ್ದಿತ್ತು.

ಬುಧವಾರ ಐವತ್ತೆರಡು; ಆ ದಿನವೂ ಎರಡನ್ನೂ ಕೊಟ್ಟದ್ದು ಅಮ್ಮನೇ. ಮಧ್ಯಾಹ್ನ ಅಜ್ಜಿ ಗೋಡೆ ನೋಡುತ್ತ ಮಲಗಿದ್ದಳು.

"ಗೂಬೆ, ಈ ಗೋಡೆಗೆ ಯಾವಾಗ ಹಳದಿ ಬಣ್ಣ ಹೊಡೆಸಿದ್ರೇ?"

ನಮ್ಮ ಗೋಡೆ ಬಿಳಿ. ಹಾಲು ಕೊಟ್ಟೆ. ಅದೂ ಹಳದಿ ಎಂದಳು. ನಾನು ಅಮ್ಮನ ಹತ್ತಿರ ಓಡಿಹೋಗಿ, ಪುಸ್ತಕದಲ್ಲಿ ಹೀಗೆ ಇದೆ, ಅಕ್ಕನೇ ಒಪ್ಪಿಸಿದ್ದಾಳೆ, ಈಗಲೇ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದೆ. ಅಷ್ಟು ಉದ್ದದ ಮಾತನ್ನು ಅಮ್ಮನ ಎದುರು ನಾನು ಹಿಂದೆ ಆಡಿರಲಿಲ್ಲ. ಅಮ್ಮನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿ ಮುಗಿಸಿ, ಎಪ್ಪತ್ತೆಂಟಕ್ಕೆ ಕಣ್ಣಿಗೆ ಪೊರೆ ಬರದೆ ಇನ್ನೇನು ಬರುತ್ತದೆ ಎಂದಳು. ನಾಳೆ ನಲವತ್ತು ಜೊತೆ ಕೊಡಬೇಕು, ಶನಿವಾರ ಅಪ್ಪನಿಗೆ ರಜ, ಅವರು ಕರೆದುಕೊಂಡು ಹೋಗಲಿ ಎಂದಳು. ಸಂಜೆ ಅಕ್ಕ ಬರಲಿಲ್ಲ. ಯಾರೋ ರಜ ಹಾಕಿದ್ದಕ್ಕೆ ಅವಳಿಗೆ ಎರಡನೇ ಪಾಳಿಯೂ ಬಿದ್ದಿತ್ತು.

ಗುರುವಾರ ಬೆಳಿಗ್ಗೆ ನಾನು ಗಡಿಯಾರ ಹಿಡಿದು ಹೋಗುವ ಮೊದಲೇ ಬಚ್ಚಲಿನಲ್ಲಿ ಚೊಂಬು ಬಿದ್ದ ಸದ್ದಾಯಿತು. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದಿತ್ತು, ನನ್ನನ್ನು ಕಂಡು ತನ್ನ ತಂಗಿಯೆಂದುಕೊಂಡು ಏನೋ ಹೇಳಿದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ನಾನು ಉಸಿರು ತೆಗೆದುಕೊಂಡು ಬಿಡುವಷ್ಟು ಜಾಗವಿತ್ತು.

ಆಸ್ಪತ್ರೆಯಲ್ಲಿ ಅಜ್ಜಿಯ ಎದೆಗೆ ವೈರುಗಳನ್ನು ಅಂಟಿಸಿದರು. ವಾರ್ಡಿನ ಸಿಸ್ಟರ್ ಯಾವ ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ಕೇಳಿದಾಗ ನಾನು ಗುಂಡಿ ಡಬ್ಬಿ ಮುಂದಿಟ್ಟೆ. ಅವರು ಮುಚ್ಚಳ ತೆಗೆದು ಖಾನೆಗಳನ್ನು ನೋಡಿದರು.

"ಹಾಳೆ ಎಲ್ಲಿ? ಹೆಸರಿರೋ ಹಾಳೆ?"

"ಬಿಸಾಕಿಬಿಟ್ಟೆ."

"ಬಿಳಿ ಬಣ್ಣದ ಮಾತ್ರೆ ಈ ಆಸ್ಪತ್ರೆಯಲ್ಲೇ ನೂರು ಇದಾವೆ ತಾಯಿ. ನಾನು ಏನಂತ ಬರಕೊಳ್ಳಲಿ?"

ಅಷ್ಟರಲ್ಲಿ ಅಕ್ಕ ಡ್ಯೂಟಿಯಿಂದ ಸಮವಸ್ತ್ರದಲ್ಲೇ ಓಡಿಬಂದಳು. ಹೆಗಲಲ್ಲಿ ಕಾಲೇಜಿನ ಚೀಲವಿತ್ತು, ಚೀಲದಲ್ಲಿ ರೆಕಾರ್ಡ್ ಇತ್ತು. ಹೆಸರು ಬೇಕು ಎಂದಾಗ ಅವಳೇ ಅದನ್ನು ತೆಗೆದು ಡಾಕ್ಟರ ಕೈಗೆ ಕೊಟ್ಟಳು. ಡಾಕ್ಟರು ಮಾತ್ರೆಗಳ ಪಟ್ಟಿಯ ಮೇಲೆ ಬೆರಳಾಡಿಸಿ ಎರಡು ಕಡೆ ನಿಲ್ಲಿಸಿದರು.

"ಇವೆರಡೂ ಒಂದೇ ಔಷಧ. ಡಿಗಾಕ್ಸಿನ್. ಕಂಪನಿ ಬೇರೆ, ಇಟ್ಟಿರೋ ಹೆಸರು ಬೇರೆ. ಎಷ್ಟು ದಿನದಿಂದ ಎರಡೂ ಕೊಡ್ತಿದ್ದೀರಿ?"

ಹದಿನೆಂಟು ದಿನ ಎಂದು ನನಗೆ ಗೊತ್ತಿತ್ತು. ಅಕ್ಕನ ಮುಖ ಅವಳು ಹಾಕಿದ್ದ ಟೋಪಿಯಷ್ಟೇ ಬಿಳಿಯಾಗಿತ್ತು. ಪುಸ್ತಕದಲ್ಲಿ ಔಷಧಕ್ಕೆ ಒಂದೇ ಹೆಸರು. ಅಂಗಡಿಯಲ್ಲಿ ಹತ್ತು ಹೆಸರು. ಆ ಹತ್ತನ್ನು ಯಾರೂ ಅವಳಿಗೆ ಒಪ್ಪಿಸಲು ಕೊಟ್ಟಿರಲಿಲ್ಲ.

ಡಾಕ್ಟರು ಪುಟ ತಿರುವಿದರು. "ಮೊನ್ನೆ ಎಪ್ಪತ್ತು, ನಿನ್ನೆ ಅರವತ್ತೆಂಟು, ಇವತ್ತು ಮೂವತ್ತೆಂಟು. ಹೀಗೆ ಒಂದೇ ದಿನಕ್ಕೆ ಬೀಳಲ್ಲ. ಇದನ್ನ ಎಣಿಸಿದ್ದು ಯಾರು?"

ನಿನ್ನೆಯದನ್ನು ಅವಳು ವಾರ್ಡಿನಲ್ಲೇ ಕೂತು ಬರೆದಿದ್ದಳು. ಅಕ್ಕ ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳೋ ನನಗೆ ಈಗಲೂ ತಿಳಿಯದು. ಅದಕ್ಕೆ ಮೊದಲೇ ಅಮ್ಮ ಹೇಳಿದಳು.

"ಚಿಕ್ಕವಳು ಎಣಿಸಿದ್ದು ಸಾರ್. ಅವಳಿಗೆ ಅಷ್ಟಾಗಿ ಓದು ಬರಲ್ಲ. ದೊಡ್ಡವಳು ಡ್ಯೂಟಿಯಲ್ಲಿರ್ತಾಳೆ, ಇವಳು ಹೇಳಿದ್ದನ್ನ ನಂಬಿ ಬರೆದಿದ್ದಾಳೆ ಅಷ್ಟೆ."

"ಐವತ್ತೆರಡು," ಎಂದೆ ನಾನು. "ನಿನ್ನೆ ಐವತ್ತೆರಡು ಇತ್ತು."

"ಏನಮ್ಮ?" ಎಂದು ಡಾಕ್ಟರು ಬಗ್ಗಿದರು.

ಅಮ್ಮನ ಕೈ ನನ್ನ ಮೊಣಕೈಯ ಮೇಲೆ ಇತ್ತು. ಹಿಡಿತ ಗಟ್ಟಿಯಿರಲಿಲ್ಲ. ಹೊಸ ಬಟ್ಟೆಯ ಗಂಜಿವಾಸನೆ ಬರುತ್ತಿದ್ದ, ಸೂಜಿ ಚುಚ್ಚಿ ತೂತಾದ ಬೆರಳುಗಳು ನನ್ನ ತೋಳಿನ ಬಟ್ಟೆಯ ಮಡಿಕೆಯನ್ನು ಸರಿಮಾಡುತ್ತಿದ್ದವು. "ಏನಿಲ್ಲ ಸಾರ್, ಹೆದರಿದಾಳೆ," ಎಂದಳು. ಡಾಕ್ಟರಿಗೆ ಇನ್ನೊಂದು ಹಾಸಿಗೆಯಿಂದ ಕರೆ ಬಂತು. ರಕ್ತ ಪರೀಕ್ಷೆಗೆ ಬರೆದು, ಎರಡೂ ಮಾತ್ರೆ ನಿಲ್ಲಿಸಿ ಎಂದು ಹೇಳಿ ಹೋದರು. ರೆಕಾರ್ಡನ್ನು ಅಕ್ಕನ ಕೈಗೇ ವಾಪಸು ಕೊಟ್ಟರು.

ಆ ಸಂಜೆ ಮನೆಗೆ ಬಂದಾಗ ಅಪ್ಪ ಗುಂಡಿ ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆದು ಬಂದರು. ಓದದವಳ ಕೈಗೆ ಔಷಧಿ ಕೊಟ್ಟದ್ದು ತಮ್ಮದೇ ತಪ್ಪು ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಹೇಳಬಹುದಿತ್ತು. ಅಮ್ಮ ಗೋಡೆಯಿಂದ ಆ ತಿಂಗಳ ಹಾಳೆ ಕಿತ್ತು, ಮಡಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಕಾಲರಿನ ಅಳತೆ ಕತ್ತರಿಸಿಕೊಂಡಳು. ಈಗಲೂ ಅವಳ ಪೆಟ್ಟಿಗೆಯಲ್ಲಿ ಅದಿದೆ. ಕಾಲರಿನ ಒಂದು ತುದಿಯಲ್ಲಿ ಐವತ್ತಾರು, ಇನ್ನೊಂದು ತುದಿಯಲ್ಲಿ ಐವತ್ತೆರಡರ ಅರ್ಧ.

ಅಜ್ಜಿ ಹನ್ನೊಂದು ದಿನದ ಮೇಲೆ ಬಂದಳು. ಗೋಡೆ ಮತ್ತೆ ಬಿಳಿಯಾಗಿತ್ತು. ಆದರೆ ಬಚ್ಚಲಿನಲ್ಲಿ ಬಿದ್ದಾಗ ಸೊಂಟಕ್ಕೆ ಪೆಟ್ಟಾಗಿ ಎದ್ದು ಕೂರಲು ಇಬ್ಬರು ಬೇಕಾಗಿತ್ತು, ಮಾತು ನಿಧಾನವಾಗಿತ್ತು. ನಡೆದದ್ದೆಲ್ಲ ಅವಳಿಗೆ ಹೇಗೋ ತಿಳಿದಿತ್ತು. ನಾನು ಮಗ್ಗುಲು ತಿರುಗಿಸುವಾಗ ಅಮ್ಮನಿಗೆ ಕೇಳುವಂತೆಯೇ ಹೇಳಿದಳು.

"ಗೂಬೆ ಮೇಲೇ ಗೂಬೆ ಕೂರಿಸಿದ್ರಂತೆ."

ಯಂತ್ರದ ಪೆಡಲು ಒಂದು ಕ್ಷಣ ನಿಂತು ಮತ್ತೆ ಓಡಿತು.

ಅಕ್ಕನ ರೆಕಾರ್ಡಿಗೆ ಸಹಿ ಬಿತ್ತು. ಮೇಡಂ ಕೊನೆಯ ಪುಟದಲ್ಲಿ ಚೆನ್ನಾಗಿದೆ ಎಂದು ಬರೆದಿದ್ದರು. ಅದನ್ನು ಅವಳು ಯಾರಿಗೂ ತೋರಿಸಲಿಲ್ಲ. ನಾನು ಚೀಲ ಒಗೆಯಲು ಖಾಲಿ ಮಾಡುವಾಗ ನೋಡಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು.

"ಹೇಳಿದ್ರೆ ನನ್ನನ್ನ ಕಳಿಸಿಬಿಡ್ತಿದ್ರು ಕಣೇ," ಎಂದಳು. "ಆಮೇಲೆ ಮನೇಲಿ ಇಬ್ಬರೂ ನಿನ್ನ ಹಂಗೇ ಇರ್ತಿದ್ವಿ."

ಹೇಳಿದ ಮೇಲೆ ಅವಳಿಗೇ ತಿಳಿಯಿತು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಸಲ ಅವಳೇ ಒಗೆದಳು.

ಡಾಕ್ಟರು ಮೊನ್ನೆಯಿಂದ ಬಿಳಿ ಮಾತ್ರೆಯನ್ನು ಮತ್ತೆ ಶುರು ಮಾಡಿದ್ದಾರೆ, ಅರ್ಧ ಮಾತ್ರ. ನಾಡಿ ನೋಡಿಯೇ ಕೊಡಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರಂತೆ. ಮಾತ್ರೆಗಳು ಈಗ ಹಾಳೆಯಲ್ಲೇ ಇವೆ, ಹೊಲಿಗೆ ಯಂತ್ರದ ಡ್ರಾಯರಿನೊಳಗೆ. ಬೀಗದಕೈ ಅಮ್ಮನ ಸೊಂಟದಲ್ಲಿ. ನಾನು ಮುಟ್ಟಬಾರದು ಎಂದು ಅಪ್ಪನ ಮಾತು. ಅಕ್ಕ ಹಳೆಯ ಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಿ ತಾನೇ ಕಟ್ಟಿಕೊಂಡಿದ್ದಾಳೆ. ನಾಡಿಯನ್ನು ಯಾರು ನೋಡಬೇಕು ಎಂಬ ಮಾತು ಮಾತ್ರ ಬರಲಿಲ್ಲ. ಮೊದಲ ದಿನ ಅಮ್ಮ ಬೆರಳಿಟ್ಟು, ಇದೆ, ಹೊಡೆದುಕೊಳ್ಳುತ್ತಿದೆ ಎಂದಳು. ಎರಡನೆಯ ದಿನ ಅದೂ ಇಲ್ಲ.

ಇವತ್ತು ಭಾನುವಾರ. ಎಲ್ಲರೂ ಮನೆಯಲ್ಲಿದ್ದಾರೆ. ಅಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದಾರೆ. ಅಕ್ಕ ಕಿಟಕಿಯ ಹತ್ತಿರ ಹೊಸ ಪಾಠದ ಪುಸ್ತಕ ಹಿಡಿದು ಕೂತಿದ್ದಾಳೆ. ಗಡಿಯಾರದ ಮುಳ್ಳು ಅವಳ ಮಣಿಕಟ್ಟಿನಲ್ಲಿ ಓಡುವುದು ನಾನು ನಿಂತಲ್ಲಿಗೆ ಕಾಣುತ್ತದೆ. ರಾತ್ರಿಯ ಊಟವನ್ನು ಅಜ್ಜಿ ಅರ್ಧ ಬಿಟ್ಟಿದ್ದಳು.

ಎಂಟಾಯಿತು. ಅಮ್ಮ ಬೀಗ ತೆಗೆದು ಮಾತ್ರೆಗಳನ್ನು ಬಿಡಿಸಿಕೊಂಡು ಮಂಚದ ಹತ್ತಿರ ಹೋದಳು. ಅಜ್ಜಿ ಹಳೆಯ ಅಭ್ಯಾಸದಂತೆ ಕೈ ಚಾಚಿದಳು, ಮಣಿಕಟ್ಟು ಮೇಲಾಗಿ, ಮುಷ್ಟಿ ಸಡಿಲವಾಗಿ. ನಾಡಿ ನೋಡು ಎಂಬಂತೆ ನನ್ನ ಕಡೆ ತಿರುಗಿದಳು. ಅಮ್ಮ ಆ ಮುಷ್ಟಿಯನ್ನು ಬಿಡಿಸಿ ಅಂಗೈಗೆ ಮಾತ್ರೆ ಹಾಕಿದಳು.

"ಅಕ್ಕ, ಒಂದು ನಿಮಿಷ ಆ ಗಡಿಯಾರ ಕೊಡು," ಅಂದೆ.

ಅಕ್ಕ ಪುಟ ತಿರುವಿದಳು. ಅಪ್ಪನ ಬ್ಲೇಡು ಕೆನ್ನೆಯ ಮೇಲೆ ಕರಕರ ಎಂದು ಮೇಲಿನಿಂದ ಕೆಳಗೆ ಬಂತು. ಅಮ್ಮ ನೀರಿನ ಲೋಟವನ್ನು ಅಜ್ಜಿಯ ತುಟಿಯ ಹತ್ತಿರ ಹಿಡಿದಳು. ನನ್ನ ದನಿ ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ನಾನು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಗಡಿಯಾರ ಕೊಡು ಅಕ್ಕ. ಒಂದೇ ನಿಮಿಷ."